ಭಾಷೆಗೆ ತಪ್ಪಿದ ಕಾಲಯಂತ್ರ

‘ಆದಿತ್ಯ 369’ ಸಿನಿಮಾದ ಮೇಲೆ ಕನ್ನಡಿಗರು ಜಗಳ ತೆಗೆಯುವುದು ಹೆಚ್ಚಾಗಿ ತಪ್ಪು ಕಾರಣಕ್ಕೆ. ‘ನಮ್ಮ ಕೃಷ್ಣದೇವರಾಯನ ಬಾಯಲ್ಲಿ ತೆಲುಗು ಆಡಿಸಿದರು’ ಎಂಬುದು ನಮ್ಮ ದೂರು. ‘ಆಮುಕ್ತಮಾಲ್ಯದ ಬರೆದವನು ತೆಲುಗಲ್ಲದೆ ಇನ್ನೇನು ಮಾತಾಡಬೇಕಿತ್ತು?’ ಎಂಬುದು ತೆಲುಗರ ಸಿದ್ಧ ಉತ್ತರ. ಮಲ್ಕಾಜ್‌ಗಿರಿಯ ಬಾಡಿಗೆ ಮನೆಯಲ್ಲಿ ಕೂತು ತೆಲುಗಿನಿಂದಲೂ ಇಂಗ್ಲಿಷಿನಿಂದಲೂ ಕನ್ನಡಕ್ಕೆ ಅನುವಾದ ಮಾಡಿ ಬದುಕುವ ನನಗೆ ಈ ಎರಡೂ ಮಾತು ಕೇಳಿ ಕೇಳಿ ಸಾಕಾಗಿದೆ. ಚಿತ್ರದಲ್ಲಿ ದೋಷವಿದೆ, ಸಣ್ಣದೂ ಅಲ್ಲ. ಅದು ಇಬ್ಬರಿಗೂ ಕಾಣದಿರುವುದಕ್ಕೆ ಕಾರಣ, ಅದರಲ್ಲಿ ಇಬ್ಬರಿಗೂ ಪಾಲಿದೆ.

ನೋಡದವರಿಗೆ ಎರಡು ಮಾತು. ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿ 1991ರಲ್ಲಿ ಬಂದ ತೆಲುಗು ಚಿತ್ರ ಇದು. ಟಿನ್ನು ಆನಂದ್ ಮಾಡಿದ ಪ್ರೊಫೆಸರ್ ಪಾತ್ರ ಒಂದು ಕಾಲಯಂತ್ರ ಕಟ್ಟುತ್ತದೆ. ಬಾಲಕೃಷ್ಣ ಮತ್ತು ಮೋಹಿನಿ ಅದರಲ್ಲಿ ಸಿಕ್ಕಿಕೊಂಡು ಮೊದಲು ವಿಜಯನಗರಕ್ಕೆ, ಆಮೇಲೆ 2504ಕ್ಕೆ ಹೋಗುತ್ತಾರೆ. ಕೃಷ್ಣದೇವರಾಯನಾಗಿಯೂ ಬಾಲಕೃಷ್ಣ ಅವರೇ. ರಾಯರ ಕಾಲದ ವಜ್ರವೊಂದರ ಹಿಂದೆ ಬಿದ್ದ ಖಳ ರಾಜಾವರ್ಮನಾಗಿ ಅಮರೀಶ್ ಪುರಿ. 2025ರ ಏಪ್ರಿಲ್‌ನಲ್ಲಿ ಚಿತ್ರ ಹೊಸ ಮೆರುಗಿನೊಂದಿಗೆ ಮತ್ತೆ ಥಿಯೇಟರಿಗೆ ಬಂತು. ಅದರ ನೆಪದಲ್ಲಿ ನಾನೂ ಮತ್ತೆ ನೋಡಿದೆ, ಈ ಬಾರಿ ಪೆನ್ನು ಹಿಡಿದು.

ಮೊದಲು ಕೊಡಬೇಕಾದ ಮರ್ಯಾದೆ ಕೊಟ್ಟುಬಿಡುತ್ತೇನೆ. ಗ್ರಾಫಿಕ್ಸ್ ಎಂಬ ಮಾತೇ ಜನರಿಗೆ ಹೊಸದಾಗಿದ್ದ ದಿನಗಳಲ್ಲಿ ಸೆಟ್ಟು, ಬೆಳಕು, ಇಳಯರಾಜ ಅವರ ಸಂಗೀತ ಇವುಗಳ ಬಲದ ಮೇಲೆ ಮೂರು ಕಾಲಗಳನ್ನು ನಂಬಿಸುವುದು ತಮಾಷೆಯಲ್ಲ. ವಿಜ್ಞಾನದ ಹೆಸರಿನಲ್ಲಿ ಭಾಷಣ ಬಿಗಿಯುವುದಿಲ್ಲ. ಮಕ್ಕಳನ್ನು ಪೆದ್ದರೆಂದು ತಿಳಿಯುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಗುಣ, ಭವಿಷ್ಯವನ್ನು ಚಿನ್ನದ ಬಣ್ಣದಲ್ಲಿ ತೋರಿಸುವುದಿಲ್ಲ. 2504ರಲ್ಲಿ ಮೂರನೇ ಮಹಾಯುದ್ಧ ಮುಗಿದು, ವಿಕಿರಣಕ್ಕೆ ಹೆದರಿದ ಮನುಷ್ಯರು ನೆಲದಡಿ ಬದುಕುತ್ತಿರುತ್ತಾರೆ. ಸಂಕ್ರಾಂತಿ ಸಂಭ್ರಮದಂಥ ಸಿನಿಮಾದ ನಡುವೆ ಇಂಥ ಕತ್ತಲೆ ಇಡಲು ಎದೆಗಾರಿಕೆ ಬೇಕು. ಇದೇ ನಿರ್ದೇಶಕರು ನಮಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಕೊಟ್ಟವರು. ಬೆಂಗಳೂರಿನಲ್ಲಿ ಒಂದೂ ಸಂಭಾಷಣೆಯಿಲ್ಲದ ‘ಪುಷ್ಪಕ ವಿಮಾನ’ ತೆಗೆದವರು. ಭಾಷೆ ಇಲ್ಲದಿದ್ದರೆ ಏನಾಗುತ್ತದೆ ಎಂದು ಭಾರತದ ಜನಪ್ರಿಯ ಚಿತ್ರರಂಗದಲ್ಲಿ ಅವರಷ್ಟು ಯೋಚಿಸಿದವರು ವಿರಳ.

ಹಾಗಾಗಿಯೇ ಈ ಪ್ರಶ್ನೆಯನ್ನು ಅವರ ಚಿತ್ರಕ್ಕೇ ಕೇಳಬೇಕು. 460 ವರ್ಷಕ್ಕೂ ಹಿಂದಕ್ಕೆ ಹೋಗಿ ಇಳಿದ ಹೈದರಾಬಾದಿನ ಯುವಕ ಬಾಯಿ ತೆರೆದ ಕೂಡಲೇ ಇಡೀ ಆಸ್ಥಾನಕ್ಕೆ ಅರ್ಥವಾಗಿದ್ದು ಹೇಗೆ? ಅಲ್ಲಿಂದ 970ಕ್ಕೂ ಹೆಚ್ಚು ವರ್ಷ ಮುಂದಕ್ಕೆ ಹೋದಾಗಲೂ ಅದೇ ತೆಲುಗು ನಡೆದದ್ದು ಹೇಗೆ? ಬಟ್ಟೆ ಬದಲಾಗಿದೆ, ಊಟ ಬದಲಾಗಿದೆ, ಆಯುಧ ಬದಲಾಗಿದೆ, ಗಾಳಿಯೂ ಬದಲಾಗಿದೆ. ಸಾವಿರ ವರ್ಷದ ಈ ಪಯಣದಲ್ಲಿ ಅಲ್ಲಾಡದೆ ನಿಂತಿರುವುದು ಭಾಷೆಯೊಂದೇ.

‘ಅಯ್ಯೋ, ಸಿನಿಮಾ ಅಲ್ಲವೇ, ಪ್ರೇಕ್ಷಕರ ಅನುಕೂಲಕ್ಕೆ’ ಎನ್ನುತ್ತೀರಿ. ಈ ಕತೆಗೆ ಪ್ರೇರಣೆಯಾದ ಎಚ್. ಜಿ. ವೆಲ್ಸ್‌ನ ‘ದಿ ಟೈಮ್ ಮಷೀನ್’ 1895ರ ಪುಸ್ತಕ. ಅದರ ಪಯಣಿಗ ದೂರದ ಭವಿಷ್ಯದಲ್ಲಿ ಇಳಿದಾಗ ಅಲ್ಲಿನವರ ಮಾತು ಅವನಿಗೆ ತಿಳಿಯುವುದಿಲ್ಲ. ಮಗುವಿನ ಹಾಗೆ ಒಂದೊಂದೇ ಪದ ಕಲಿಯುತ್ತಾನೆ. ಆ ಭಾಷೆ ಎಷ್ಟು ಸರಳವಾಗಿಬಿಟ್ಟಿದೆ ಎನ್ನುವುದರಿಂದಲೇ ಆ ಸಮಾಜಕ್ಕೆ ಏನಾಗಿದೆ ಎಂದು ಊಹಿಸುತ್ತಾನೆ. ಅಂದರೆ ಭಾಷೆ ಬದಲಾಗುವುದು ಆ ಕತೆಯ ಅಡ್ಡಿಯಲ್ಲ, ಸುಳಿವು. ಯಂತ್ರವನ್ನು ವೆಲ್ಸ್‌ನಿಂದ ತಂದವರು ಆ ಸುಳಿವನ್ನು ಅಲ್ಲೇ ಬಿಟ್ಟು ಬಂದರು.

ನಗಿಸುವುದಕ್ಕೂ ಇದಕ್ಕಿಂತ ಒಳ್ಳೆಯ ಸರಕು ಇರಲಿಲ್ಲ. ಸಂಭಾಷಣೆ ಬರೆದವರು ಜಂಧ್ಯಾಲ, ತೆಲುಗು ಹಾಸ್ಯದ ದೊಡ್ಡ ಹೆಸರು. ಇವತ್ತಿನ ತೆಲುಗನ ಬಾಯಲ್ಲಿ ಸಲೀಸಾಗಿ ಬರುವ ‘ಕುರ್ಚಿ’, ‘ಖಾಲಿ’, ‘ಪೊಲೀಸ್’, ‘ಟೈಮ್’ ಎಂಬ ಮಾತುಗಳನ್ನು ತೆನಾಲಿ ರಾಮಕೃಷ್ಣನೆದುರು ಬಿಟ್ಟು ನೋಡಿ, ವಿಕಟಕವಿ ಸುಮ್ಮನಿದ್ದಾನೆಯೇ? ‘ಚೇಸ್ತುನ್ನಾಡು’ ಎನ್ನುವವನನ್ನು ‘ಚೇಯುಚುನ್ನಾಡು’ ಎನ್ನುವ ಸಭೆ ಯಾವ ಸೀಮೆಯವನೆಂದು ಕೇಳುವುದಿಲ್ಲವೇ? ಐದು ನಿಮಿಷದ ದೃಶ್ಯ ಸಾಕಿತ್ತು. ಆಮೇಲೆ ಪ್ರೇಕ್ಷಕರ ಅನುಕೂಲಕ್ಕೆ ಎಲ್ಲರೂ ಒಂದೇ ಮಾತಾಡಲಿ, ಯಾರು ಬೇಡವೆಂದರು?

‘ದಾಸರ ಪದಗಳು ಇವತ್ತಿಗೂ ಅರ್ಥವಾಗುತ್ತವಲ್ಲ, ಅವರೂ ಆ ಕಾಲದವರೇ’ ಎಂಬ ಇನ್ನೊಂದು ವಾದ ಬರುತ್ತದೆ. ಹಾಡು ಬಾಯಿಂದ ಬಾಯಿಗೆ ಬಂದದ್ದು. ಪ್ರತಿ ತಲೆಮಾರೂ ತನ್ನ ನಾಲಗೆಗೆ ತಕ್ಕಂತೆ ಅದನ್ನು ತಿಕ್ಕಿ ನುಣುಪು ಮಾಡಿದೆ. ಕಲ್ಲಿಗೆ ಆ ಸೌಲಭ್ಯ ಇರಲಿಲ್ಲ. ಅದೇ ಕಾಲದ ಶಾಸನವೊಂದರ ಗದ್ಯ ಹಿಡಿದು ಕೂತರೆ ಕನ್ನಡ ಓದಿದವರೂ ಮೂರನೇ ಸಾಲಿಗೆ ಎಡವುತ್ತಾರೆ.

ಈಗ ಜಗಳದ ಮೂಲಕ್ಕೆ ಬರೋಣ. ರಾಯನ ಆಸ್ಥಾನದ ಭಾಷೆ ಯಾವುದು? ಆ ಪ್ರಶ್ನೆಯಲ್ಲಿರುವ ಏಕವಚನವೇ ಮೋಸ. ಪಟ್ಟಕ್ಕೆ ಬಂದ ಹೊಸತರಲ್ಲಿ ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಅವನು ಹಾಕಿಸಿದ ಶಾಸನ ಸಂಸ್ಕೃತ ಮತ್ತು ಕನ್ನಡದಲ್ಲಿದೆ. ತಿರುಮಲೆಯಲ್ಲಿ ಅವನ ದಾನಗಳನ್ನು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಕೆತ್ತಿದ್ದಾರೆ. ಕಾವ್ಯ ಬರೆದದ್ದು ತೆಲುಗಿನಲ್ಲಿ. ಕುಮಾರವ್ಯಾಸ ನಿಲ್ಲಿಸಿದ ಭಾರತವನ್ನು ಕನ್ನಡದಲ್ಲಿ ಮುಂದುವರಿಸಿದ ತಿಮ್ಮಣ್ಣ ಕವಿಗೆ ಆಶ್ರಯ ಕೊಟ್ಟವನೂ ಅವನೇ. ವಂಶದ ಹೆಸರು ತುಳುವ. ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಆ ನಗರ ಕಂಡು ಬರೆದಿಟ್ಟ. ಅರಬ್ಬಿ ಕುದುರೆ, ಗೋವೆಯ ವ್ಯಾಪಾರಿ, ತಮಿಳು ನಾಡಿನ ಗುಡಿ, ಬಿಜಾಪುರದ ರಾಯಭಾರ ಇವೆಲ್ಲ ದುಭಾಷಿಯಿಲ್ಲದೆ ನಡೆದಾವೇ?

ಬಿರುದುಗಳನ್ನೇ ನೋಡಿ. ವಿಜಯನಗರದ ಅರಸರು ‘ಹಿಂದೂರಾಯಸುರತ್ರಾಣ’ ಎಂದು ಕರೆಸಿಕೊಂಡರು. ಆ ‘ಸುರತ್ರಾಣ’ ಸಂಸ್ಕೃತದ ವೇಷ ಹಾಕಿದ ‘ಸುಲ್ತಾನ’. ಸಂಸ್ಕೃತ ಶಾಸನಗಳ ನಡುವೆ ‘ಮೂರುರಾಯರ ಗಂಡ’, ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಅಪ್ಪಟ ಕನ್ನಡ ಬಿರುದುಗಳು ಕೂತಿವೆ. ತೆಲುಗರು ಹೆಮ್ಮೆಯಿಂದ ಎತ್ತಿ ಹಿಡಿಯುವ ‘ಆಮುಕ್ತಮಾಲ್ಯದ’ದ ಪೀಠಿಕೆಯನ್ನು ಪೂರ್ತಿ ಓದಿ: ಕನಸಿನಲ್ಲಿ ಬಂದು ತೆಲುಗಿನಲ್ಲಿ ಬರೆ ಎನ್ನುವ ಆಂಧ್ರವಿಷ್ಣು ತನ್ನನ್ನು ತೆಲುಗು ರಾಯನೆಂದು ಕರೆದುಕೊಳ್ಳುತ್ತಾನೆ, ಎದುರಿಗಿರುವ ಅರಸನನ್ನು ‘ಕನ್ನಡರಾಯ’ ಎಂದು ಕೂಗುತ್ತಾನೆ. ಇಲ್ಲಿ ತೆಲುಗರು ಒಂದು ಪದ್ಯಕ್ಕೆ ನಿಲ್ಲಿಸುತ್ತಾರೆ, ನಾವು ಒಂದು ಪದಕ್ಕೆ. ಎರಡನ್ನೂ ಸೇರಿಸಿ ಓದಿದರೆ ಸಿಗುವುದು ಎರಡು ಭಾಷೆಗಳ ನಡುವೆ ನಿರಾಳವಾಗಿ ಓಡಾಡುವ ಒಬ್ಬ ಅರಸ. ಅವನು ಇಬ್ಬರಿಗೂ ಬೇಡ.

ತೆಲುಗು ಸಿನಿಮಾದ ರಾಯ ಆಡುವುದು 16ನೇ ಶತಮಾನದ ತೆಲುಗೂ ಅಲ್ಲ. ಪೌರಾಣಿಕ ನಾಟಕದ ರಂಗದಿಂದ ತೆರೆಗೆ ಬಂದ ಗತ್ತಿನ ತೆಲುಗು ಅದು. 1956ರ ‘ತೆನಾಲಿ ರಾಮಕೃಷ್ಣ’ದಲ್ಲಿ ರಾಯನಾಗಿದ್ದ ಎನ್.ಟಿ.ಆರ್. ಅವರಿಂದ ಮಗನಿಗೆ ಬಂದ ಆಸ್ತಿ. ನಾವೇನು ಕಡಿಮೆ? 1970ರಲ್ಲಿ ಬಿ. ಆರ್. ಪಂತುಲು ತೆಗೆದ ‘ಶ್ರೀ ಕೃಷ್ಣದೇವರಾಯ’ದಲ್ಲಿ ರಾಜ್‌ಕುಮಾರ್ ಆಡುವುದು ಕಂಪನಿ ನಾಟಕದ ಕನ್ನಡ. ಕೇಳಲು ಸೊಗಸು, ಒಪ್ಪಿದೆ. ಆದರೆ ಆ ಆಸ್ಥಾನದಲ್ಲೂ ದುಭಾಷಿಗೆ ಕೆಲಸವಿಲ್ಲ.

ನನ್ನ ಕಸುಬಿನಲ್ಲಿ ಈ ರೋಗ ದಿನಾ ಕಾಣುತ್ತದೆ. ವಿಜಯನಗರದ ಕತೆಯಿದ್ದ ಒಂದು ಸರಣಿಯ ಸಂಭಾಷಣೆ ಕನ್ನಡಕ್ಕೆ ತರುವ ಕೆಲಸ ಬಂದಿತ್ತು, ಯಾರದೆಂಬುದು ಬೇಡ. ‘ಹಳೆಯದಾಗಿ ಕೇಳಿಸಬೇಕು, ಎಲ್ಲರಿಗೂ ತಿಳಿಯಬೇಕು, ಮುಸ್ಲಿಂ ಪದ ಒಂದೂ ಇರಬಾರದು’ ಎಂಬ ಸೂಚನೆ. ‘ಸುರತ್ರಾಣ’ ಇರಲಿ ಎಂದರು, ಕೇಳಲು ಗಂಭೀರವಾಗಿದೆಯಂತೆ. ಅದರ ಮೂಲ ಹೇಳಿದ ಮೇಲೆ ಅದನ್ನೂ ಕಿತ್ತರು. ರಾಯನ ಬಿರುದೇ ರಾಯನ ಕತೆಯಲ್ಲಿ ಇರಕೂಡದು ಎನ್ನುವ ಮಟ್ಟಕ್ಕೆ ಬಂದಿದ್ದೇವೆ.

ಇಲ್ಲಿ ಅಮರೀಶ್ ಪುರಿಯ ಪಾತ್ರ ಮತ್ತೆ ನೆನಪಾಗುತ್ತದೆ. ರಾಜಾವರ್ಮ ಹಳೆಯ ಅಮೂಲ್ಯ ವಸ್ತುಗಳನ್ನು ಕದ್ದು ತನ್ನ ಮನೆಯಲ್ಲಿ ಕೂಡಿಡುವವನು. ಹಿಂದಿನ ಕಾಲ ಎಲ್ಲರದೂ ಆಗಿರುವುದು ಅವನಿಗೆ ಸಹಿಸದು. ಚಿತ್ರದ ಅತ್ಯಂತ ಚುರುಕಾದ ಯೋಚನೆ ಇದು. ಚಿತ್ರಕ್ಕೆ ತಾನೇ ಮಾಡಿದ ಕೆಲಸ ಮಾತ್ರ ಕಾಣಲಿಲ್ಲ: ವಜ್ರವನ್ನು ರಾಜಾವರ್ಮನಿಂದ ಕಾಪಾಡಿ, ಅರಸನನ್ನು ಒಂದೇ ಭಾಷೆಯ ಕಪಾಟಿನಲ್ಲಿಟ್ಟು ಬೀಗ ಹಾಕಿತು. ಬೀಗ ಒಡೆದು ನಮ್ಮ ಕಪಾಟಿಗೆ ಸಾಗಿಸಬೇಕು ಎನ್ನುವ ಕನ್ನಡ ಅಭಿಮಾನಿಯೂ ರಾಜಾವರ್ಮನ ಸೋದರನೇ.

1991ರಲ್ಲಿ ಈ ಚಿತ್ರ ಕನ್ನಡ ಮಾತಾಡುವಂತೆಯೂ ಇರಲಿಲ್ಲ. ಕನ್ನಡ ಚಿತ್ರರಂಗ 1960ರ ದಶಕದಿಂದಲೇ ಡಬ್ಬಿಂಗನ್ನು ಹೊರಗಿಟ್ಟಿತ್ತು; ಸ್ಪರ್ಧಾ ಆಯೋಗ ಅದು ತಪ್ಪೆಂದದ್ದು 2015ರಲ್ಲಿ. ಹಂಪಿಯಿಂದ ಸುಮಾರು 60 ಕಿಲೋಮೀಟರ್ ದೂರದ ಬಳ್ಳಾರಿಯವರು ತಮ್ಮ ಪಕ್ಕದೂರಿನ ಅರಮನೆಯ ಕತೆಯನ್ನು ನೋಡಬೇಕೆಂದರೆ ತೆಲುಗಿನಲ್ಲೇ ನೋಡಬೇಕಿತ್ತು. ಅದು ತೆಲುಗರ ಪಿತೂರಿಯಲ್ಲ. ಬಾಗಿಲು ಒಳಗಿನಿಂದ ಹಾಕಿಕೊಂಡವರು ನಾವು.

ಇಷ್ಟಕ್ಕೂ ಹಳೆಯ ಸಿನಿಮಾದ ವ್ಯಾಕರಣದ ಮೇಲೆ ಇಷ್ಟು ಸಿಟ್ಟೇಕೆ ಎಂದರೆ, ನನ್ನ ಮೆಟ್ಟಿಲ ಬಳಿ ನಡೆಯುತ್ತಿರುವುದರಿಂದ. ಮಲ್ಕಾಜ್‌ಗಿರಿಯ ಬೀದಿಯಲ್ಲಿ ತೆಲುಗು, ದಖನಿ, ಹಿಂದಿ, ತಮಿಳು ಒಟ್ಟಿಗೆ ಹರಿಯುತ್ತವೆ. ನಡುವೆ ಒಂದಿಷ್ಟು ಕನ್ನಡದ ಮನೆಗಳು. ನಮ್ಮ ಕಟ್ಟಡದಲ್ಲೇ ಒಬ್ಬ ಅಜ್ಜಿ ಮೊಮ್ಮಗಳಿಗೆ ‘ಊಟಕ್ಕೆ ಬಾರೆ ಪುಟ್ಟಿ’ ಎಂದು ಕರೆಯುತ್ತಾರೆ, ಅವಳು ‘ವಸ್ತುನ್ನಾ ಅಜ್ಜಿ’ ಎನ್ನುತ್ತಾಳೆ. ಮಗುವಿಗೆ ತೆಲುಗು ಬಂದದ್ದು ಒಳ್ಳೆಯದೇ, ಅದು ಅವಳ ಊರಿನ ಭಾಷೆ. ಆದರೆ ಅವಳ ಮಕ್ಕಳಿಗೆ ಆ ಮನೆಯಲ್ಲಿ ಕನ್ನಡ ಕೇಳಿಸುವುದಿಲ್ಲ. ಭಾಷೆ ಹೋಗಲು ಸಾವಿರ ವರ್ಷ ಬೇಡ, ಮಹಾಯುದ್ಧವೂ ಬೇಡ. ಎರಡು ತಲೆಮಾರು ಉತ್ತರ ಕೊಡುವುದನ್ನು ಬಿಟ್ಟರೆ ಸಾಕು.

2504ರಲ್ಲೂ ತೆಲುಗು ಹೀಗೇ ಇರುತ್ತದೆ ಎಂದು ಈ ಚಿತ್ರ ಹೇಳುವ ಸಮಾಧಾನ, ಕನ್ನಡಕ್ಕೆ ಎರಡು ಸಾವಿರ ವರ್ಷದ ಇತಿಹಾಸವಿದೆ ಎಂದು ನಾವು ಹೇಳಿಕೊಳ್ಳುವ ಸಮಾಧಾನದ ಅವಳಿ. ಎರಡೂ ಭಾಷೆಯನ್ನು ಬೆಟ್ಟವೆಂದು ತಿಳಿದಿವೆ, ನಾವು ಏನೂ ಮಾಡದಿದ್ದರೂ ನಿಂತಿರುತ್ತದೆ ಎಂದು. ಹಾಗೆ ತಿಳಿದವರಿಗೆ ಸತ್ತ ಅರಸನ ತಾಯ್ನುಡಿ ಯಾವುದೆಂದು ಜಗಳವಾಡಲು ಬೇಕಾದಷ್ಟು ಬಿಡುವಿರುತ್ತದೆ. ಊಟಕ್ಕೆ ಕರೆದಾಗ ಮಗು ಯಾವ ಭಾಷೆಯಲ್ಲಿ ಓಗೊಟ್ಟಿತೆಂದು ಕೇಳಿಸಿಕೊಳ್ಳಲು ಇರುವುದಿಲ್ಲ.

‘ಆದಿತ್ಯ 369’ರ ಮುಂದಿನ ಭಾಗದ ಮಾತು ಆಗಾಗ ಕೇಳಿಬರುತ್ತದೆ. ತೆಗೆಯುವುದಾದರೆ ಗ್ರಾಫಿಕ್ಸಿಗೆ ಎಷ್ಟು ಕೋಟಿ ಬೇಕಾದರೂ ಸುರಿಯಿರಿ. ಆದರೆ ಯಂತ್ರದಲ್ಲಿ ಒಂದು ಸೀಟು ದುಭಾಷಿಗೆ ಮೀಸಲಿಡಿ. ಹಂಪಿಯಲ್ಲಿ ಇಳಿದಾಗ ನಾಯಕನಿಗೆ ಕಾವಲುಗಾರನ ಕನ್ನಡ ತಿಳಿಯದಿರಲಿ, ಗುಡಿಯ ಮುಂದೆ ತಮಿಳು ಕಿವಿಗೆ ಬೀಳಲಿ, ಆಸ್ಥಾನದ ತೆಲುಗೂ ಅವನನ್ನು ಕಕ್ಕಾಬಿಕ್ಕಿ ಮಾಡಲಿ. ಆ ಚಿತ್ರ ಕನ್ನಡಕ್ಕೂ ಡಬ್ ಆಗಿ ಬರಲಿ. ಆಗ ರಾಯ ಯಾರವನು ಎಂದು ಇಲ್ಲಿಂದ ಅರಚುವವರೂ ಅಲ್ಲಿಂದ ಅರಚುವವರೂ ಕೊನೆಗೆ ಒಂದೇ ಥಿಯೇಟರಿನಲ್ಲಿ, ಒಂದೇ ದೃಶ್ಯಕ್ಕೆ, ಏನೂ ಅರ್ಥವಾಗದೆ ಒಟ್ಟಿಗೆ ನಗಬಹುದು.