ಹೊಗೆಗೆ ಮುಪ್ಪಿನ ನೆಪ ಹೇಳಬೇಡಿ

ಕೃಷ್ಣಾ ದಂಡೆಯ ಜುಗೂಳದ ಕಬ್ಬಿನ ಸಾಲುಗಳಲ್ಲಿ ಡೀಸೆಲ್ ಪವರ್ ವೀಡರ್ ಕರ್ರಗೆ ಹೊಗೆ ಕಾರುತ್ತ ಹೋಗುತ್ತದೆ. ಕೇಳಿದರೆ, 'ಹಳೇದಾಗೈತ್ರಿ, ಹಿಂಗ ನಡೀತೈತಿ' ಎಂಬ ಉತ್ತರ. ಇಂಥ ಉತ್ತರಕ್ಕೆ ನಾಚಿಕೆಯಾಗಬೇಕು. ಆ ಹೊಗೆ ನೀವು ದುಡ್ಡು ಕೊಟ್ಟು ತಂದು, ಪೂರ್ತಿ ಉರಿಸಲಾಗದೆ ಗಾಳಿಗೆ ಬಿಟ್ಟ ಡೀಸೆಲ್.

ಉರಿಯಲು ಗಾಳಿ ಯಾಕೆ ಸಾಲುತ್ತಿಲ್ಲವೆಂದು ಏರ್ ಫಿಲ್ಟರ್ ಬಿಚ್ಚಿ ನೋಡಿ. ಎಣ್ಣೆ ಬಟ್ಟಲಿನ ಫಿಲ್ಟರಾದರೆ ತಳದಲ್ಲಿ ಎಣ್ಣೆಯ ಬದಲು ಕೆಸರು ಕೂತಿರುತ್ತದೆ. ರವದಿಯ ಹುಡಿ, ಎರೆಮಣ್ಣಿನ ಧೂಳು ಏಳುವ ದಿನಗಳಲ್ಲಿ ಆ ಬಟ್ಟಲನ್ನು ದಿನಾ ನೋಡಬೇಕು. ಕೆಸರಾದ ಕೂಡಲೇ ಚೆಲ್ಲಿ, ಜಾಲರಿ ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ಹಾಕಬೇಕು. ಕೆಲವರಂತೂ ಫಿಲ್ಟರನ್ನೇ ಕಿತ್ತು ಮೂಲೆಗೆಸೆದು, ಇಂಜಿನ್ ಹಗುರಾಯಿತೆಂದು ಖುಷಿಪಡುತ್ತಾರೆ. ಒಳಹೊಕ್ಕ ಮಣ್ಣು ಪಿಸ್ಟನ್ ರಿಂಗು, ಲೈನರುಗಳನ್ನು ಸಾಣೆ ಹಿಡಿದಂತೆ ತೇಯುತ್ತದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದು-ಇಪ್ಪತ್ತು ಪಟ್ಟು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ರಿಂಗು ಸವೆದರೆ ಆ ಒತ್ತಡವೇ ಸೋರಿಹೋಗುತ್ತದೆ.

ಹಾಗೆ ಇಂಜಿನ್ನಿನ ಬಲ ಕುಗ್ಗಿದಾಗ ನೀವು ಮಾಡುವುದೇನು? ಡೀಸೆಲ್ ಪಂಪಿನ ಸ್ಕ್ರೂ ತಿರುವುತ್ತೀರಿ. ಇದ್ದ ಗಾಳಿಗೇ ಇನ್ನಷ್ಟು ಡೀಸೆಲ್ ಸುರಿದರೆ ಹೊಗೆ ಹೆಚ್ಚುತ್ತದೆ, ನಾಝಲ್ ತುದಿಗೆ ಮಸಿ ಕಟ್ಟುತ್ತದೆ. ಒಂದು ತಪ್ಪು ಮುಚ್ಚಲು ಇನ್ನೊಂದು!

2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣೆ ಉಕ್ಕಿ ಈ ದಂಡೆಯ ಹೊಲಗಳಿಗೆ ನುಗ್ಗಿದ್ದು ಯಾರಿಗೂ ಮರೆತಿಲ್ಲ. ಆದರೂ ಮುಳುಗಿದ ಇಂಜಿನ್ನನ್ನು ಬಿಸಿಲಿಗಿಟ್ಟು ನೇರ ಹ್ಯಾಂಡಲ್ ಹೊಡೆಯುವ ಚಾಳಿ ಬಿಟ್ಟಿಲ್ಲ. ಗಾಳಿಯಂತೆ ನೀರು ಒತ್ತಿದರೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಇಂಜೆಕ್ಟರ್ ಬಿಚ್ಚಿ ಫ್ಲೈವೀಲನ್ನು ಕೈಯಿಂದ ನಿಧಾನ ತಿರುಗಿಸಿ ನೀರು ಹೊರಹಾಕಬೇಕು. ಹಾಲಿನ ಬಣ್ಣಕ್ಕೆ ತಿರುಗಿದ ಆಯಿಲ್ ಪೂರ್ತಿ ಚೆಲ್ಲಬೇಕು. ಅಷ್ಟು ತಾಳ್ಮೆ ಇಲ್ಲದವರು ಗ್ಯಾರೇಜಿನವನ ಬಿಲ್ ನೋಡಿ ಕೂಗಾಡಬಾರದು.

ಯಂತ್ರೋದ್ಯಮಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ ಬೆಳಗಾವಿ ಜಿಲ್ಲೆ ಇದು. ಅವರು 1910ರಲ್ಲಿ ಕಟ್ಟಿದ ಕಿರ್ಲೋಸ್ಕರ್‌ವಾಡಿ ಗಡಿಯಾಚೆಯ ಸಾಂಗಲಿ ಜಿಲ್ಲೆಯಲ್ಲೇ ಇದೆ. ಯಂತ್ರ ನಮಗೆ ಹೊಸತೆಂಬ ಸಬೂಬು ಇಲ್ಲಿ ನಡೆಯದು.

ದೊಡ್ಡ ಇಂಜಿನ್ನಿಗೆಂದು ಸೊಸೈಟಿಯಲ್ಲಿ ಸಾಲ ಕೇಳುವ ಮುಂಚೆ ಹಳೆಯದರ ವಾಲ್ವುಗಳನ್ನು ಉಜ್ಜಿ ಸರಿಯಾಗಿ ಕೂರಿಸಿ, ನಾಝಲ್ಲನ್ನು ಟೆಸ್ಟರಿಗೆ ಹಾಕಿಸಿ. ಟ್ಯಾಪೆಟ್ ಗ್ಯಾಪನ್ನು ಇಂಜಿನ್ ತಣ್ಣಗಿರುವಾಗ, ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ, ಫೀಲರ್ ಗೇಜ್ ಇಟ್ಟು ಹೊಂದಿಸಿ. ಸದ್ದು ಕೇಳಿ ಅಂದಾಜಿಗೆ ಬಿಗಿಯುವುದನ್ನು ಇವತ್ತಿಗೇ ಬಿಡಿ.