ಗಾಳಿ ನಮ್ಮದು, ಧೂಳೂ ನಮ್ಮದು. ಹಣ ಮಾತ್ರ ಯಾರದು?

ಆಷಾಢದ ಗಾಳಿ ಬೀಸತೊಡಗಿತೆಂದರೆ ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಿಂದ ಹಿರಿಯೂರಿನ ಮಾರಿಕಣಿವೆಯ ಗುಡ್ಡಗಳವರೆಗೆ, ಅತ್ತ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಬೆಟ್ಟಗಳ ನೆತ್ತಿಯ ಮೇಲೂ ಗಾಳಿಯಂತ್ರಗಳು ಹಗಲಿರುಳೆನ್ನದೆ ತಿರುಗುತ್ತವೆ. ನಮ್ಮ ಮಕ್ಕಳು ಅವನ್ನು ‘ಫ್ಯಾನು’ ಎಂದೇ ಕರೆಯುತ್ತಾರೆ. ಅದೇ ಬೆಟ್ಟಗಳ ಬುಡದಲ್ಲಿ, ಭೀಮಸಮುದ್ರದ ಆಸುಪಾಸಿನ ರಸ್ತೆಗಳಲ್ಲಿ, ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತವೆ. ಮೇಲೆ ಹುಟ್ಟಿದ ವಿದ್ಯುತ್ತು ತಂತಿ ಹಿಡಿದು ದೂರದ ಊರಿಗೆ ಹೋಗುತ್ತದೆ. ಕೆಳಗೆ ಎದ್ದ ಕೆಂಧೂಳು ಎಲ್ಲಿಗೂ ಹೋಗದೆ ಅಡಿಕೆಯ ಸೋಗೆಯ ಮೇಲೆ, ಹಟ್ಟಿಯ ಹೆಂಚಿನ ಮೇಲೆ, ಶಾಲೆಗೆ ನಡೆದು ಹೋಗುವ ಮಗುವಿನ ಎದೆಯೊಳಗೆ ಕುಳಿತುಕೊಳ್ಳುತ್ತದೆ.

ಈ ಎರಡು ದೃಶ್ಯಗಳ ನಡುವೆ ಒಂದು ವ್ಯಾಪಾರವಿದೆ. ಅದರ ಹೆಸರು ಕಾರ್ಬನ್ ಮಾರುಕಟ್ಟೆ. ವಾತಾವರಣಕ್ಕೆ ಸೇರಬೇಕಿದ್ದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ತಪ್ಪಿಸಿದರೆ ಒಂದು ಕ್ರೆಡಿಟ್. ಅದನ್ನು ಮಾರಬಹುದು, ಕೊಳ್ಳಬಹುದು. 1997ರ ಕ್ಯೋಟೋ ಒಪ್ಪಂದ 2005ರಲ್ಲಿ ಜಾರಿಗೆ ಬಂದ ಮೇಲೆ, ಅದರ ‘ಸ್ವಚ್ಛ ಅಭಿವೃದ್ಧಿ ವ್ಯವಸ್ಥೆ’ಯಡಿ ನಮ್ಮ ಜಿಲ್ಲೆಯ ಹಲವು ಗಾಳಿ ವಿದ್ಯುತ್ ಯೋಜನೆಗಳು ನೋಂದಣಿಯಾದವು. ನಮ್ಮ ಗುಡ್ಡದ ಗಾಳಿ ಯುರೋಪಿನ ಕಾರ್ಖಾನೆಗಳ ಲೆಕ್ಕದ ಪುಸ್ತಕಕ್ಕೆ ಜಮೆಯಾಯಿತು. ಆಗ ನಮ್ಮ ರಾಷ್ಟ್ರೀಯ ಪ್ರಾಧಿಕಾರವು ದೊಡ್ಡ ಯೋಜನೆಗಳಿಂದ ಕ್ರೆಡಿಟ್ ಆದಾಯದ ಶೇಕಡಾ 2ನ್ನು ಸ್ಥಳೀಯ ಅಭಿವೃದ್ಧಿಗೆ ಕೊಡುವ ವಾಗ್ದಾನ ಪಡೆಯುತ್ತಿತ್ತು. 2008ರಲ್ಲಿ ಸುಮಾರು 20 ಯೂರೋ ಇದ್ದ ಕ್ರೆಡಿಟ್‌ನ ಬೆಲೆ 2012ರ ಕೊನೆಗೆ 1 ಯೂರೋಗಿಂತ ಕೆಳಗೆ ಬಿತ್ತು. ಶೇಕಡಾ 2 ಎಂದರೆ ಯಾವುದರಲ್ಲಿ 2 ಎಂದು ಕೇಳುವ ಸ್ಥಿತಿ ಬಂತು. ಬೆಟ್ಟದ ನೆತ್ತಿಗೆ ಕೊರೆದ ರಸ್ತೆಗಳು ಮಾತ್ರ ಉಳಿದವು.

ಈಗ ಅದೇ ವ್ಯಾಪಾರ ಸ್ವದೇಶಿ ವೇಷದಲ್ಲಿ ಮರಳಿ ಬಂದಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಯಿತು. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಪ್ರಕಟಿಸಿತು. 2025ರಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದ ಮುಂತಾದ ಉದ್ದಿಮೆಗಳಿಗೆ ಮಿತಿಗಳು ಗೊತ್ತಾದವು. ಮಿತಿಗಿಂತ ಕಡಿಮೆ ಹೊಗೆ ಬಿಟ್ಟವನಿಗೆ ಕ್ರೆಡಿಟ್ ಪುಕ್ಕಟೆ ಸಿಗುತ್ತದೆ. ಹೆಚ್ಚು ಬಿಟ್ಟವನು ಅದನ್ನು ಕೊಳ್ಳಬೇಕು. ಕೊಳ್ಳದಿದ್ದರೆ ಕ್ರೆಡಿಟ್‌ನ ಸರಾಸರಿ ಬೆಲೆಯ ಎರಡರಷ್ಟು ಪರಿಸರ ಪರಿಹಾರ ತೆರಬೇಕು. ಹಣ ಒಂದು ಕಂಪನಿಯಿಂದ ಇನ್ನೊಂದು ಕಂಪನಿಗೆ ಹರಿಯುತ್ತದೆ. ಇದರಲ್ಲಿ ಸಾರ್ವಜನಿಕರ ಪಾಲು ಎಲ್ಲಿದೆ? ಸರ್ಕಾರವು ಈ ಪರವಾನಗಿಗಳನ್ನು ಹರಾಜು ಹಾಕುವುದಿಲ್ಲ. ಆದ್ದರಿಂದ ಬೊಕ್ಕಸಕ್ಕೆ ಹರಾಜಿನ ಹಣವೂ ಬರುವುದಿಲ್ಲ.

ನನ್ನ ವಾದ ಇಷ್ಟೇ: ಕಾರ್ಬನ್ ವ್ಯಾಪಾರದಲ್ಲಿ ಸಾರ್ವಜನಿಕರಿಗೆ ಒಂದು ಪಾಲನ್ನು ಕಾನೂನಿನಲ್ಲಿಯೇ ಗೊತ್ತುಪಡಿಸಬೇಕು. ಆ ಪಾಲು ಗಾಳಿ ಕೊಟ್ಟ, ಧೂಳು ತಿಂದ ಊರುಗಳಿಗೆ ಶುದ್ಧ ಸಾರಿಗೆಯಾಗಿ, ಉಸಿರಾಡಬಹುದಾದ ಗಾಳಿಯಾಗಿ ಮರಳಬೇಕು. ಇದು ಭಿಕ್ಷೆಯಲ್ಲ, ಬಾಕಿ.

ಏಕೆ ಗಾಳಿಗೇ ಈ ಹಣ ಎಂದು ಕೆಲವರು ಕೇಳಬಹುದು. ಉತ್ತರ ವಿಜ್ಞಾನದಲ್ಲಿಯೇ ಇದೆ. ಇಂಗಾಲದ ಡೈಆಕ್ಸೈಡ್ ಎಲ್ಲಿ ಹುಟ್ಟಿದರೂ ಇಡೀ ಭೂಮಂಡಲದ ವಾತಾವರಣದಲ್ಲಿ ಬೆರೆಯುತ್ತದೆ. ಚಿತ್ರದುರ್ಗದಲ್ಲಿ ಉಳಿಸಿದ ಒಂದು ಟನ್ನೂ ಜರ್ಮನಿಯಲ್ಲಿ ಉಳಿಸಿದ ಒಂದು ಟನ್ನೂ ಒಂದೇ. ಆದ್ದರಿಂದಲೇ ಅದನ್ನು ಮಾರಲು ಸಾಧ್ಯ. ಧೂಳು ಮತ್ತು ಡೀಸೆಲ್ ಹೊಗೆ ಹಾಗಲ್ಲ. ಅವು ಹುಟ್ಟಿದ ಊರಿನ ಸುತ್ತಮುತ್ತಲೇ ಹೆಚ್ಚು ಹಾನಿ ಮಾಡುತ್ತವೆ. ಮಾರುಕಟ್ಟೆಯ ತಕ್ಕಡಿಯಲ್ಲಿ ಇಂಗಾಲಕ್ಕೆ ತೂಕವಿದೆ, ಧೂಳಿಗಿಲ್ಲ. ಎಲ್ಲಿ ಅಗ್ಗವೋ ಅಲ್ಲಿ ಇಂಗಾಲವನ್ನು ಕಡಿಮೆ ಮಾಡಿ, ಎಲ್ಲಿ ಜನ ದನಿಯೆತ್ತುವುದಿಲ್ಲವೋ ಅಲ್ಲಿ ಧೂಳನ್ನು ಬಿಟ್ಟುಬಿಡುವುದು ಈ ವ್ಯಾಪಾರದ ಸಹಜ ಗುಣ. ಆ ಕೊರತೆಯನ್ನು ತುಂಬುವ ಒಂದೇ ದಾರಿ, ಬಂದ ಹಣವನ್ನು ಸ್ಥಳದ ಗಾಳಿಗೆ ಕಟ್ಟಿಹಾಕುವುದು.

ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು. ಎಲೆಯ ಮೇಲೆ ಧೂಳಿನ ಪದರ ಕೂತರೆ ಬೆಳಕು ಒಳಗಿಳಿಯುವುದು ಕಡಿಮೆಯಾಗುತ್ತದೆ, ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ಎಲೆ ಆಹಾರ ತಯಾರಿಸುವ ಶಕ್ತಿ ಕುಗ್ಗುತ್ತದೆ. ಧೂಳು ಹಿಡಿದ ಎಲೆಗಳ ಮೇಲೆ ನುಸಿಗಳ ಕಾಟ ಹೆಚ್ಚುವುದನ್ನು ರಸ್ತೆ ಬದಿಯ ತೋಟದವರೆಲ್ಲ ಕಂಡಿದ್ದಾರೆ. ಇಳುವರಿ ಕುಸಿದಾಗ ರೈತ ಗೊಬ್ಬರ ಹಾಕುತ್ತಾನೆ, ಔಷಧಿ ಸಿಂಪಡಿಸುತ್ತಾನೆ, ಸಾಲ ಮಾಡುತ್ತಾನೆ. ರಸ್ತೆಯ ಧೂಳಿನ ಖರ್ಚನ್ನು ಹೀಗೆ ಪ್ರತಿ ವರ್ಷ ತೋಟದವನೇ ಭರಿಸುತ್ತಿದ್ದಾನೆ.

‘ಹಳ್ಳಿಯ ಗಾಳಿ ಶುದ್ಧ, ಮಾಲಿನ್ಯ ನಗರದ ಸಮಸ್ಯೆ’ ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಸಲೀಸಾಗಿ ಬರುತ್ತದೆ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕು ಕಡೆಗಳಿಗೆ ಸ್ಥಾನ ಸಿಕ್ಕಿತು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಪಕ್ಕದ ದಾವಣಗೆರೆಗೆ ಸಿಕ್ಕಿತು, ಅದಿರಿನ ಧೂಳು ಕುಡಿಯುವ ನಮಗೆ ಸಿಗಲಿಲ್ಲ. 2023ರ ಪಿಎಂ ಇ-ಬಸ್ ಸೇವಾ ಯೋಜನೆ ಮುಖ್ಯವಾಗಿ 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆಂದೇ ರೂಪುಗೊಂಡಿತು. 2011ರ ಜನಗಣತಿಯಲ್ಲಿ ಒಂದೂವರೆ ಲಕ್ಷವನ್ನೂ ಮುಟ್ಟದ ದುರ್ಗದ ಪೇಟೆ ಆ ಬಾಗಿಲಿನ ಹೊರಗೇ ನಿಂತಿತು. ಇನ್ನು ಹೊಸದುರ್ಗ, ಹೊಳಲ್ಕೆರೆಗಳ ಮಾತು ದೂರ. ಗಾಳಿಯ ಲಾಭ ಎಣಿಸುವಾಗ ನಾವು ನಕ್ಷೆಯಲ್ಲಿದ್ದೇವೆ, ಹಣ ಹಂಚುವಾಗ ಇಲ್ಲ.

ಪರಿಸರದ ಹೆಸರಿನಲ್ಲಿ ಸಂಗ್ರಹಿಸಿದ ಹಣ ದಾರಿ ತಪ್ಪಿದ ಕಥೆ ಹಳೆಯದು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿದರು. 2016ರ ಹೊತ್ತಿಗೆ ಅದು 400 ರೂಪಾಯಿಗೆ ಏರಿತು. 2017-18ರವರೆಗೆ ಸುಮಾರು 86 ಸಾವಿರ ಕೋಟಿ ರೂಪಾಯಿ ಬಂದರೂ ಅದಕ್ಕೆಂದೇ ಇದ್ದ ನಿಧಿಗೆ ಸೇರಿದ್ದು ಸುಮಾರು 29 ಸಾವಿರ ಕೋಟಿ. 2017ರಲ್ಲಿ ಸೆಸ್ಸನ್ನೇ ಜಿಎಸ್‌ಟಿ ಪರಿಹಾರದ ಹೊಂಡಕ್ಕೆ ತಿರುಗಿಸಿದರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಕಾನೂನಿನಲ್ಲಿ ಬರೆಯದ ಪಾಲು ಪಾಲೇ ಅಲ್ಲ ಎಂಬ ಪಾಠವನ್ನು ನಾವು ಇಲ್ಲಿಂದ ಕಲಿಯಬೇಕು.

ಬರೆದಿಟ್ಟವರೂ ಇದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯವು ತನ್ನ ಕಾರ್ಬನ್ ಹರಾಜಿನಿಂದ ಬರುವ ಹಣದ ಕನಿಷ್ಠ ಶೇಕಡಾ 25 ಭಾಗ ಮಾಲಿನ್ಯದಿಂದ ನೊಂದ ಹಿಂದುಳಿದ ಪ್ರದೇಶಗಳಿಗೆ ಅನುಕೂಲವಾಗಬೇಕೆಂದು 2012ರಲ್ಲಿಯೇ ಕಾನೂನು ಮಾಡಿತು. 2014ರಲ್ಲಿ ಬಸ್ಸು, ರೈಲುಗಳಿಗೆ ಪ್ರತ್ಯೇಕ ಪಾಲು ಇಟ್ಟಿತು. ಅಷ್ಟು ದೂರ ಏಕೆ, ನಮ್ಮ ಜಿಲ್ಲೆಯಲ್ಲಿಯೇ ದೃಷ್ಟಾಂತವಿದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಬೆನ್ನಿಗೇ ಚಿತ್ರದುರ್ಗ, ತುಮಕೂರುಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನೂ ನಿಲ್ಲಿಸಿತು. ಮುಂದೆ ಗಣಿಗಳು ಮತ್ತೆ ತೆರೆದಾಗ, ಗಣಿ ಮತ್ತು ಅದಿರಿನಿಂದ ಸಂಗ್ರಹಿಸಿದ ಸಾವಿರಾರು ಕೋಟಿ ರೂಪಾಯಿಯನ್ನು ಗಣಿಬಾಧಿತ ನೆಲಕ್ಕೇ ಮರಳಿಸಬೇಕೆಂದು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಹಾನಿಯ ಹಣ ಹಾನಿಯಾದ ಊರಿಗೆ ಎಂಬ ನ್ಯಾಯ ಹೀಗೆ ಒಪ್ಪಿತವಾಗಿದೆ. ಆದರೆ ಆ ಹಣವೂ ವರ್ಷಗಟ್ಟಲೆ ಬ್ಯಾಂಕಿನಲ್ಲಿ ಕೊಳೆಯಿತು. 2022ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ಮೇಲ್ವಿಚಾರಣೆಗೆ ನೇಮಿಸಬೇಕಾಯಿತು. ನ್ಯಾಯ ಒಪ್ಪಿದರೆ ಸಾಲದು, ಲೆಕ್ಕ ಕೇಳುವವರೂ ಬೇಕು.

ಚಳವಳಿಯ ಗೆಳೆಯರಲ್ಲಿ ಕೆಲವರು ‘ಮಾಲಿನ್ಯವನ್ನು ಮಾರುವ ಈ ಸಂತೆಗೆ ನಾವೇಕೆ ಹೋಗಬೇಕು?’ ಎಂದು ಕೇಳುತ್ತಾರೆ. ಅವರ ಸಂಶಯ ನನ್ನದೂ ಹೌದು. ಇಲ್ಲಿ ಕ್ರೆಡಿಟ್ ಮಾರಿದರೆ ಅಲ್ಲಿ ಯಾರೋ ಅಷ್ಟು ಹೊಗೆ ಬಿಡಲು ಅಪ್ಪಣೆ ಪಡೆದಂತೆಯೇ. ಆದರೆ ಸಂತೆ ಆಗಲೇ ಕೂಡಿದೆ, ನಮ್ಮ ಗುಡ್ಡದ ಸರಕು ಆಗಲೇ ತಕ್ಕಡಿಯಲ್ಲಿದೆ. ನಾವು ದೂರ ನಿಂತರೆ ಸಂತೆ ನಿಲ್ಲುವುದಿಲ್ಲ, ಸುಂಕ ವಸೂಲಿಯ ಹಕ್ಕು ಮಾತ್ರ ತಪ್ಪುತ್ತದೆ.

ಹಾಗಾದರೆ ಕೇಳಬೇಕಾದ್ದೇನು? ಮೊದಲನೆಯದು, ಅದಿರಿನ ರಸ್ತೆಗಳ ಬದಿಯಲ್ಲಿ ಮತ್ತು ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುವ ಹಿರಿಯೂರು, ಚಿತ್ರದುರ್ಗಗಳಲ್ಲಿ ಹಗಲಿರುಳು ಗಾಳಿ ಅಳೆಯುವ ಕೇಂದ್ರಗಳು. ದೊಡ್ಡ ಧೂಳುಕಣ, ಅಂದರೆ ಪಿಎಂ 10, ಘನಮೀಟರಿಗೆ ದಿನದ ಸರಾಸರಿಯಲ್ಲಿ 100 ಮೈಕ್ರೋಗ್ರಾಂ ಮೀರಬಾರದೆಂದು 2009ರ ರಾಷ್ಟ್ರೀಯ ಮಾನದಂಡವೇ ಹೇಳುತ್ತದೆ. ಅಳತೆ ಪ್ರತಿದಿನ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿ ಕಾಣಲಿ. ಎರಡನೆಯದು, ಅದಿರು ರೈಲಿಗೆ ಏರಲಿ. ಅದಕ್ಕೆ ಪುನಶ್ಚೇತನದ ಹಣವೂ ಸೇರಲಿ. ಮೂರನೆಯದು, ಹಳ್ಳಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ದುರ್ಗಕ್ಕೆ ವಿದ್ಯುತ್ ಬಸ್ಸುಗಳು. ಹೊಳಲ್ಕೆರೆಯಾಗಲಿ ಹಿರಿಯೂರಾಗಲಿ ದುರ್ಗಕ್ಕೆ ಮೂವತ್ತು ನಲವತ್ತು ಕಿಲೋಮೀಟರುಗಳ ದಾರಿ. ಬೆಂಗಳೂರಿನಿಂದ ದಾವಣಗೆರೆಗೆ ವಿದ್ಯುತ್ ಬಸ್ಸು ಓಡಿಸಿದ ಸಾರಿಗೆ ನಿಗಮಕ್ಕೆ ಇದು ಅಸಾಧ್ಯವೇನಲ್ಲ. ಗುಡ್ಡದ ಮೇಲಿನ ಗಾಳಿಯಿಂದ ಕೆಳಗಿನ ರಸ್ತೆಯ ಬಸ್ಸು ಓಡಲಿ. ನಾಲ್ಕನೆಯದು, ಬಂದ ಪ್ರತಿ ರೂಪಾಯಿಯ ಲೆಕ್ಕ ಗ್ರಾಮಸಭೆಯ ಮುಂದೆ ಬರಲಿ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಒಂದು ತೊಯ್ದ ಬಿಳಿ ಬಟ್ಟೆಯಿಂದ ಲಾರಿ ಓಡಾಡುವ ರಸ್ತೆಯ ಬದಿಯ ಅಡಿಕೆ ಸೋಗೆಯನ್ನು ಒರೆಸಿರಿ. ಇನ್ನೊಂದರಿಂದ ಒಳತೋಟದ ಸೋಗೆಯನ್ನು ಒರೆಸಿರಿ. ಎರಡರ ಮೇಲೂ ಊರು, ದಿನಾಂಕ ಬರೆದು ಮುಂದಿನ ಗ್ರಾಮಸಭೆಗೆ ತನ್ನಿರಿ. ಹಿರಿಯರು ಆ ಬಟ್ಟೆಗಳನ್ನು ಮುಂದಿಟ್ಟುಕೊಂಡು, ಕಾರ್ಬನ್ ವ್ಯಾಪಾರದಲ್ಲಿ ನಮ್ಮ ಪಾಲು ಕಾನೂನಾಗಲಿ ಎಂಬ ನಿರ್ಣಯ ಮಾಡಿ ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಸಂಸದರಿಗೂ ಕಳುಹಿಸಲಿ.