ಕಮ್ಮಾರಗಿತ್ತಿಯ ಹೆಸರು

ನಮ್ಮ ಸಹೋದರ ಪತ್ರಿಕೆಯೊಂದು ಕಳೆದ ತಿಂಗಳು ಮುದ್ದು ಮಕ್ಕಳಿಗೆ ವಿದೇಶಿ ಹೆಸರುಗಳ ಎರಡು ಪುಟದ ಪಟ್ಟಿ ಹಾಕಿತ್ತು. ಗೊಬ್ನಿಟ್ ಎಂಬ ಅಪರೂಪದ ಐರಿಶ್ ಹೆಸರಿನ ಮುಂದೆ 'ತಂದೆಯ ಆನಂದ' ಎಂಬ ಅರ್ಥ. ತಪ್ಪೆಂದು ಕಾಗದ ಬರೆದೆ. 'ಅರ್ಥ ಚೆನ್ನಾಗಿದೆಯಲ್ಲ ಸಾರ್, ಬಿಟ್ಟುಬಿಡಿ' ಎಂದು ಉತ್ತರ ಬಂತು. ಬಿಡುವುದಿಲ್ಲ.

ಹಳೆಯ ಐರಿಶ್‌ನಲ್ಲಿ 'ಗೊಬ' ಎಂದರೆ ಕಮ್ಮಾರ. ಅದಕ್ಕೆ ಹೆಣ್ಣನ್ನೂ ಅಕ್ಕರೆಯನ್ನೂ ಒಟ್ಟಿಗೇ ಸೂಚಿಸುವ ಪ್ರತ್ಯಯ ಹತ್ತಿ ಗೊಬ್ನಿಟ್ ಆಯಿತು. ಕನ್ನಡಿಗರಿಗೆ ಇಷ್ಟು ವಿವರಣೆಯೂ ಬೇಡ: ಪುಟ್ಟ ಕಮ್ಮಾರಗಿತ್ತಿ. ಕಾರ್ಕ್ ಸೀಮೆಯ ಬ್ಯಾಲಿವೂರ್ನಿಯಲ್ಲಿ ಈ ಹೆಸರಿನ ಸಂತಳಿದ್ದಾಳೆ. ಜೇನು ಸಾಕುವವರನ್ನು ಕಾಯುವವಳು. ಅಲ್ಲಿ ಜನ 'ಗೊಬ್ನಿಟ್‌ಳ ಮನೆ' ಎನ್ನುವ ದುಂಡು ಕಟ್ಟಡವನ್ನು 1951ರಲ್ಲಿ ಪುರಾತತ್ವಜ್ಞ ಎಂ. ಜೆ. ಓಕೆಲಿ ಅಗೆಸಿದಾಗ ಸಿಕ್ಕಿದ್ದು ಕಬ್ಬಿಣದ ಕೆಲಸದ ಕುರುಹು. ಹೆಸರು ಸುಳ್ಳಾಡಿರಲಿಲ್ಲ.

ಹಾಗಾದರೆ ಆನಂದ ಎಲ್ಲಿಂದ ಬಂತು? ಇಂಗ್ಲಿಷ್ ದಫ್ತರದಿಂದ. ಅಲ್ಲಿ ಗೊಬ್ನಿಟ್‌ಗಳೆಲ್ಲ ಡೆಬೊರಾ ಆದರು, ಅಬಿಗೇಲ್ ಆದರು. ಡೆಬೊರಾಗೆ ನೆಪವಾದರೂ ಇತ್ತು: ಹೀಬ್ರೂವಿನಲ್ಲಿ ಅದು ಜೇನುನೊಣ. ಅಬಿಗೇಲ್‌ಗೆ ಅದೂ ಇಲ್ಲ. 'ತಂದೆಯ ಆನಂದ' ಆ ಅಬಿಗೇಲಳ ಅರ್ಥ. ಹೆಸರನ್ನು ಅಳಿಸಿದ್ದು ಸಾಲದೆಂದು, ಅಳಿಸಿ ಬರೆದ ಹೆಸರಿನ ಅರ್ಥವನ್ನೂ ಅವಳ ತಲೆಗೇ ಕಟ್ಟಿದ್ದಾಯಿತು.

1924ರಲ್ಲಿ ಮೈಸೂರಿನಲ್ಲಿ ಐರಿಶ್ ಕವಿ ಜೇಮ್ಸ್ ಕಸಿನ್ಸ್, ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಪುಟ್ಟಪ್ಪನವರಿಗೆ ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದ ಕಥೆ ಹೇಳಿ ಪ್ರತಿ ರಾಜ್ಯೋತ್ಸವದಲ್ಲೂ ಚಪ್ಪಾಳೆ ಗಿಟ್ಟಿಸುವವರು ನಾವು. ಆ ಕವಿಯ ನಾಡಿನ ಹೆಸರನ್ನು ಮಾತ್ರ ಇಂಗ್ಲಿಷ್ ದಫ್ತರ ನೋಡಿಯೇ ನಕಲು ಮಾಡುತ್ತೇವೆ.

ನನ್ನ ಸಿಟ್ಟಿಗೆ ಇನ್ನೂ ಒಂದು ಕಾರಣವಿದೆ. 'ಕಮ್ಮಾರಗಿತ್ತಿ' ಎಂದು ಅಚ್ಚಾಗಿದ್ದರೆ ಆ ಪಟ್ಟಿಯಿಂದ ಯಾವ ಅಪ್ಪನೂ ಹೆಸರು ಆರಿಸುತ್ತಿರಲಿಲ್ಲ. ಆನಂದ ಬೇಕು, ಪ್ರಭೆ ಬೇಕು. ಕುಲುಮೆಯ ಮಸಿ ಬೇಡ. ದುಡಿಮೆಯ ಹೆಸರೆಂದರೆ ಮುಖ ಸಿಂಡರಿಸುವ ನಮ್ಮ ಹಳೆಯ ಚಾಳಿಗೆ ಆ ಸಂಪಾದಕರು ಎರಡು ಪುಟ ಕೊಟ್ಟಿದ್ದಾರೆ, ಅಷ್ಟೇ.

ಫೆಬ್ರವರಿ 11 ಅವಳ ಹಬ್ಬ. ಅವಳ ಹಳೆಯ ಮರದ ವಿಗ್ರಹಕ್ಕೆ ಜನ ರಿಬ್ಬನ್ ಹಿಡಿದು ಅಳತೆ ತೆಗೆದು, ಕಾಯಿಲೆ ಕಸಾಲೆಗೆ ಕಾವಲೆಂದು ಮನೆಗೊಯ್ಯುತ್ತಾರೆ. ರಿಬ್ಬನ್ನಿನ ಉದ್ದಕ್ಕೆ ತಕ್ಕಂತೆ ವಿಗ್ರಹವನ್ನು ಕೆತ್ತಿದವರು ಯಾರೂ ಇಲ್ಲ.

ಈ ಸಂಚಿಕೆಯ ವಿಷಯ ಹೆಸರು. ಸಹೋದರ ಪತ್ರಿಕೆಗೂ ಒಂದು ಪ್ರತಿ ಕಳಿಸಿದ್ದೇನೆ.